ಅಂಜಿಕೆ ಅಳೆಯಲು ಹೊರಟಿದ್ದ ಸರ್

ಪರೀಕ್ಷೆಯ ಕೋಣೆಗೆ ಹೋದರೆ ಸರ್ ಮೊದಲು ನೋಡುತ್ತಿದ್ದುದು ಮಕ್ಕಳ ಕಾಲುಗಳನ್ನು. ಮುಖ ನೋಡಬೇಡಿ, ಮುಖದಲ್ಲಿ ಸುಳ್ಳು ಹೇಳುವುದನ್ನು ಮಕ್ಕಳು ಬಹಳ ಬೇಗ ಕಲಿತುಬಿಡುತ್ತಾರೆ ಎಂದು ನಮಗೆ ಹೇಳುತ್ತಿದ್ದರು. ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಒತ್ತಿ ಕೂತವನು, ಒಂದು ಪಾದದ ಮೇಲೆ ಇನ್ನೊಂದು ಪಾದ ಹೇರಿ ಬೆರಳು ಮಡಚಿಕೊಂಡವಳು, ಮೊಣಕಾಲನ್ನು ಒಂದೇ ಸಮನೆ ಕುಣಿಸುವವನು, ಇವರೆಲ್ಲ ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆಯೇ ಅರ್ಧ ದಣಿದಿರುತ್ತಾರೆ ಎನ್ನುವುದು ಅವರ ಮಾತು. ಅವರ ಆ ಮಾತು ಕೇಳಿದಾಗಿನಿಂದ ನಾನೂ ಮೇಲ್ವಿಚಾರಣೆಗೆ ಹೋದಾಗ ಬೆಂಚುಗಳ ಕೆಳಗೆ ನೋಡುತ್ತೇನೆ.

ಕಳೆದ ತಿಂಗಳು ಸರ್ ಸಂಕೇಶ್ವರದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ನಮ್ಮ ಬಿ.ಎಡ್. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನದವರೆಗೂ ಕೈಮುಗಿದ ಚಿತ್ರಗಳು ಬರುತ್ತಲೇ ಇದ್ದವು. ಸರಳ ಜೀವಿ, ಯಾರಿಗೂ ಕೆಟ್ಟದ್ದು ಬಯಸದವರು, ಹೀಗೆ. ಒಬ್ಬರು ಮಾತ್ರ, ಪಿಎಚ್.ಡಿ. ಮುಗಿಸುವ ಛಲ ಅವರಲ್ಲಿ ಇರಲಿಲ್ಲ, ಅದೊಂದೇ ಕೊರತೆ ಎಂದು ಬರೆದಿದ್ದರು. ಅದಕ್ಕೆ ಹತ್ತಾರು ಜನ ಹೆಬ್ಬೆರಳು ಎತ್ತಿದ್ದರು. ನಾನು ಉತ್ತರ ಬರೆಯಲು ಶುರುಮಾಡಿ ಅಳಿಸಿದೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಗೋಕಾಕದಲ್ಲಿ ಬಿ.ಎಡ್. ಓದುವಾಗ ಅವರು ನಮಗೆ ಮನೋವಿಜ್ಞಾನ ಕಲಿಸುತ್ತಿದ್ದರು. ಅವರು ಹುಟ್ಟಿದ ಊರು ಹುಕ್ಕೇರಿ ತಾಲೂಕಿನ ದಡ್ಡಿ. ಎತ್ತರದ ಆಳು. ಯಾವ ಬಾಗಿಲು ತಲೆಗೆ ತಾಗೀತೋ ಎಂದು ಸದಾ ಹುಷಾರಾಗಿರುವವರಂತೆ ಕತ್ತು ಮುಂದೆ ಬಾಗಿಸಿಯೇ ನಡೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಅಲ್ಲೇಪಾಕದ, ಅಂದರೆ ಶುಂಠಿ ಮಿಠಾಯಿಯ, ತುಂಡುಗಳು ಯಾವಾಗಲೂ ಇರುತ್ತಿದ್ದವು. ಪಾಠ ಮಾಡಲು ಬಂದ ವಿದ್ಯಾರ್ಥಿನಿಯ ಗಂಟಲು ಒಣಗಿತೆಂದರೆ ಮಾತಿಲ್ಲದೆ ಒಂದು ತುಂಡು ಕೈಗಿಡುತ್ತಿದ್ದರು. ಯಾರಾದರೂ ಮುಖ್ಯವಾದದ್ದನ್ನು ಹೇಳತೊಡಗಿದರೆ ಚಶ್ಮಾ ತೆಗೆದು ಮೇಜಿನ ಮೇಲಿಡುತ್ತಿದ್ದರು. ಯಾಕೆ ಸರ್ ಎಂದು ನಾನೊಮ್ಮೆ ಕೇಳಿದ್ದೆ.

“ಕಣ್ಣಿಗೆ ಕೆಲಸ ಇಲ್ಲಂದ್ರ ಕಿವಿ ಚಲೋ ದುಡಿತಾವವಾ” ಎಂದಿದ್ದರು.

ಪರೀಕ್ಷೆಯ ಭಯ ಅವರಿಗೆ ಪುಸ್ತಕದಿಂದ ಸಿಕ್ಕ ವಿಷಯವಾಗಿರಲಿಲ್ಲ. ತಮ್ಮ ಮ್ಯಾಟ್ರಿಕ್ ಪರೀಕ್ಷೆಯ ಕತೆಯನ್ನು ಅವರು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದರಂತೆ, ನಮಗೂ ಹೇಳಿದರು. ಗಣಿತದ ಪೇಪರಿನ ದಿನ ಉತ್ತರಪತ್ರಿಕೆಯ ಮೇಲೆ ನಂಬರು ಬರೆಯಲು ಹೋದರೆ ಕೈ ಏಳಲಿಲ್ಲ. ನಂಬರು ನೆನಪಿತ್ತು, ಕೈ ಮಾತ್ರ ತನ್ನದಲ್ಲ ಅನ್ನಿಸಿತು. ಮೇಲ್ವಿಚಾರಕರು ಯಾರೋ ಪುಣ್ಯಾತ್ಮರು, ಬಯ್ಯಲಿಲ್ಲ. ಒಂದು ಲೋಟ ನೀರು ತಂದುಕೊಟ್ಟು, ಇನ್ನೂ ಬಹಳ ಹೊತ್ತು ಇದೆ, ಅವಸರವಿಲ್ಲ ಎಂದು ಬೆನ್ನ ಹಿಂದೆ ನಿಂತರು. ಅಷ್ಟಕ್ಕೆ ಕೈ ಮರಳಿ ಬಂತು. ಇದನ್ನು ನಗುತ್ತ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಮಾತ್ರ, ಪಕ್ಕದ ಸಾಲಿನಲ್ಲಿ ಇನ್ನೊಬ್ಬನಿದ್ದ, ಅವನ ಕೈಯೂ ನಿಂತಿತ್ತೋ ಏನೋ, ಅವನ ಕಡೆಗೆ ಯಾರೂ ಹೋಗಲಿಲ್ಲ, ಅವನು ಮುಂದೆ ಓದಲೇ ಇಲ್ಲ ಎಂದು ಸೇರಿಸುತ್ತಿದ್ದರು.

ಜ್ವರ ಬಂದರೆ ಕಂಕುಳಲ್ಲಿಟ್ಟು ನೋಡುವ ಸಾಧನವಿದೆ, ಹಾಲಿನಲ್ಲಿ ನೀರು ಎಷ್ಟಿದೆ ಎಂದು ನೋಡಲೂ ಇದೆ, ಪಕ್ಕದ ಬೆಂಚಿನವನ ಅಂಜಿಕೆ ಎಷ್ಟು ಎಂದು ತಿಳಿಯಲು ಯಾಕೆ ಇರಬಾರದು? ತಿಳಿದರಲ್ಲವೇ ನೀರಿನ ಲೋಟ ಯಾರಿಗೆ ಒಯ್ಯಬೇಕೆಂದು ಗೊತ್ತಾಗುವುದು? ಇದು ಅವರ ತಲೆಯಲ್ಲಿದ್ದ ಒಂದೇ ಒಂದು ಪ್ರಶ್ನೆ. ವಯಸ್ಸು ಐವತ್ತರ ಹತ್ತಿರ ಬಂದ ಮೇಲೆ ಅದನ್ನೇ ಹಿಡಿದು ಪಿಎಚ್.ಡಿ.ಗೆ ಹೆಸರು ಹಚ್ಚಿದರು. ಪಗಾರ ಹೆಚ್ಚಿಸಿಕೊಳ್ಳಲು ಮಾಡುತ್ತಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಕೆಲವರು ಆಡಿಕೊಂಡರಂತೆ. ಕಾಕು ಮಾತ್ರ ನಕ್ಕಿದ್ದರು. ಸರ್ ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಇವರ ಬನಿಯನ್ ಹರಿದಿದ್ದು ಇವರಿಗೇ ಗೊತ್ತಾಗುವುದಿಲ್ಲ, ಇನ್ನು ಪಗಾರ ಗೊತ್ತಾಗುತ್ತದೆಯೇ ಎಂದಿದ್ದರು.

ಆ ಹೊತ್ತಿಗೆ ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಸರ್ ತಮ್ಮ ಪ್ರಶ್ನಾವಳಿಯನ್ನು ಮೊದಲು ತಂದದ್ದು ನಮ್ಮ ಶಾಲೆಗೆ. ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಗೋಕಾಕದ ಬಸ್ಸು ಊಟದ ಹೊತ್ತಿಗೆ ಬಂದು ಮುಟ್ಟಿತ್ತು. ಯಾವುದೋ ಹೊರದೇಶದ ಪ್ರಶ್ನಾವಳಿಯನ್ನು ಯಾರೋ ಕನ್ನಡಕ್ಕೆ ತಂದಿದ್ದರು. ಮೊದಲ ಸಾಲೇ ‘ಪರೀಕ್ಷೆಯ ಸಂದರ್ಭದಲ್ಲಿ ನಾನು ಉದ್ವಿಗ್ನಗೊಳ್ಳುತ್ತೇನೆ’ ಎಂದಿತ್ತು. ಮುಂದೆ ಯಾವಾಗಲೂ, ಕೆಲವೊಮ್ಮೆ, ಎಂದಿಗೂ ಇಲ್ಲ ಎಂಬ ಮೂರು ಚೌಕ. ಉದ್ವಿಗ್ನಗೊಳ್ಳುವುದು ಎಂದರೇನು ಎಂದು ಹುಡುಗಿಯೊಬ್ಬಳು ಹಿಂದಿನ ಬೆಂಚಿಗೆ ಪಿಸುಗುಟ್ಟಿದಳು. ತುಕ್ಕಾನಟ್ಟಿಯಿಂದ ಬರುತ್ತಿದ್ದ ಹುಡುಗನೊಬ್ಬ, ಬಹಳ ಧೈರ್ಯದಿಂದ, ಶಾಣ್ಯಾ ಆಗುವುದು, ಜಾಣರಾಗುವುದು ಎಂದು ಅರ್ಥ ಹೇಳಿದ. ಅದು ಇಡೀ ತರಗತಿಗೆ ಹಬ್ಬಿತು. ಹುಡುಗರೆಲ್ಲ ‘ಯಾವಾಗಲೂ’ ಎಂದು ಗುರುತು ಹಾಕಿದರು. ಹುಡುಗಿಯರು ಮರ್ಯಾದೆಗೆಂದು ‘ಕೆಲವೊಮ್ಮೆ’ ಹಾಕಿದರು.

ನಾನು ನಾಚಿಕೊಂಡೆ. ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಆ ಹಾಳೆಗಳನ್ನೆಲ್ಲ ಮಡಚಿ ಚೀಲಕ್ಕೆ ಹಾಕಿ, ಮಕ್ಕಳನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿಕೊಂಡು ಚಶ್ಮಾ ತೆಗೆದರು. ಪೇಪರು ಕೈಗೆ ಬಂದಾಗ ಮೈಯಲ್ಲಿ ಏನಾಗುತ್ತದೆ ಹೇಳಿ, ಸಾಲಿಯ ಭಾಷೆ ಬೇಡ, ಮನೆಯಲ್ಲಿ ಹೇಳುವ ಹಾಗೆ ಹೇಳಿ ಎಂದರು. ಆಮೇಲೆ ಒಬ್ಬಳು, ಹೊಟ್ಟೆಯಲ್ಲಿ ಯಾರೋ ಒದ್ದೆ ಅರಿವೆ ಹಿಂಡಿದ ಹಾಗೆ ಆಗುತ್ತದೆ ಎಂದಳು. ಅಕ್ಷರಗಳು ಇರುವೆ ಹರಿದ ಹಾಗೆ ಕಾಣುತ್ತವೆ ಎಂದು ಇನ್ನೊಬ್ಬ. ಬಾಜೂದವಳು ಹೆಚ್ಚಿನ ಹಾಳೆ ಕೇಳಿದರೆ ತನ್ನ ಎದೆ ಧಸಕ್ಕೆನ್ನುತ್ತದೆ ಎಂದು ಮತ್ತೊಬ್ಬಳು. ಯಾವಾಗಲೂ ಮೂಲೆಯಲ್ಲಿ ಕೂರುವ ಒಬ್ಬ ಹುಡುಗ ತಲೆ ಎತ್ತದೆ ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ:

“ಪೇಪರಿನ್ಯಾಗ ಅಪ್ಪನ ಮಾರಿ ಕಾಣ್ತೈತ್ರಿ ಸರ್.”

ಆ ಹುಡುಗನನ್ನು ನಾನು ಎರಡು ವರ್ಷದಿಂದ ದಡ್ಡನೆಂದೇ ತಿಳಿದಿದ್ದೆ.

ಸರ್ ಆ ಮಾತುಗಳಿಂದಲೇ ಹೊಸ ಪ್ರಶ್ನಾವಳಿ ಕಟ್ಟಿದರು. ಇದು ಗ್ರಂಥಸ್ಥ ಭಾಷೆಯಲ್ಲ, ಪ್ರಬಂಧದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಅವರ ಮಾರ್ಗದರ್ಶಕರು ಮೊದಲು ಒಪ್ಪಲಿಲ್ಲವಂತೆ. ಸರ್ ಜಗಳವಾಡದೆ, ಹೋದಾಗಲೆಲ್ಲ ಅದನ್ನೇ ಮತ್ತೆ ಮುಂದಿಟ್ಟು ಒಪ್ಪಿಸಿದರು. ರವಿವಾರ ನಾನೂ ಅವರ ಮನೆಗೆ ಹೋಗಿ ಒಂದೊಂದು ಸಾಲನ್ನು ಓದಿ ನೋಡುತ್ತಿದ್ದೆ. ಮಗುವಿಗೆ ಅರ್ಥವಾಗದ ಪದವಿದ್ದರೆ ಅದು ಮಗುವನ್ನಲ್ಲ, ನಮ್ಮನ್ನು ಅಳೆದಂತೆ ಎನ್ನುತ್ತಿದ್ದರು. ಅದೇ ಮಕ್ಕಳಿಗೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೊಡುತ್ತಿದ್ದರು. ತಕ್ಕಡಿ ಇವತ್ತೊಂದು ನಾಳೆಯೊಂದು ತೂಕ ತೋರಿಸಿದರೆ ಅದು ತಕ್ಕಡಿಯಲ್ಲವಷ್ಟೆ. ಎರಡೂ ಸಲದ ಉತ್ತರ ತಾಳೆ ನೋಡಲು ಹಾಳೆಯ ಮೇಲೆ ಹೆಸರಿಲ್ಲದೆ ಹಾಜರಿ ನಂಬರು ಮಾತ್ರ ಬರೆಸುತ್ತಿದ್ದರು. ಇದನ್ನು ನಾನು ಯಾರಿಗೂ ತೋರಿಸುವುದಿಲ್ಲ, ನಿಮ್ಮ ಸರ್‌ಗೂ ಇಲ್ಲ, ಅಪ್ಪನಿಗೂ ಇಲ್ಲ ಎಂದು ಪ್ರತಿ ಶಾಲೆಯಲ್ಲಿ ಹೇಳಿ ಆಮೇಲೆಯೇ ಹಾಳೆ ಹಂಚುತ್ತಿದ್ದರು. ಮುಗಿದ ಮೇಲೆ ಎಲ್ಲರಿಗೂ ಅಲ್ಲೇಪಾಕ.

ಆದರೂ ಮಕ್ಕಳಿಗೆ ಅದು ಪರೀಕ್ಷೆಯೇ. ನಮ್ಮ ಶಾಲೆಯಲ್ಲಿ ಯಾವಾಗಲೂ ಮೊದಲ ನಂಬರು ಬರುವ ಹುಡುಗಿ ಹಾಳೆ ಕೊಟ್ಟ ಮೇಲೆ ಸರ್ ಹಿಂದೆಯೇ ಗೇಟಿನವರೆಗೆ ಓಡಿಬಂದು, ತನಗೆ ಎಷ್ಟು ಬಿದ್ದಿವೆ ಎಂದು ಕೇಳಿದಳು. ಇದಕ್ಕೆ ಮಾರ್ಕ್ಸ್ ಇಲ್ಲ ಎಂದರೂ ಕೇಳದೆ ಅತ್ತಳು. ಸರ್ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ನಡೆದು ಬಂದರು. ಆಮೇಲೆ, “ಅಂಜಿಕಿ ಅಳ್ಯಾಕ ಬಂದಾಂವ ನಾನು, ಹೊಸಾದೊಂದು ಹುಟ್ಟಿಸಿ ಹೊಂಟೇನಿ ನೋಡವಾ” ಎಂದರು. ಆಗ ನಾವಿಬ್ಬರೂ ಅದನ್ನು ತಮಾಷೆಯ ಮಾತು ಎಂದೇ ತಿಳಿದಿದ್ದೆವು.

ಗೋಕಾಕ, ಮೂಡಲಗಿ ಮುಗಿಸಿ ಕೊನೆಗೆ ಹುಕ್ಕೇರಿ ಕಡೆಯ ಶಾಲೆಗಳಿಗೆ ಹೋದರು. ಅಲ್ಲಿ ಒಂದು ಖಾಸಗಿ ಹೈಸ್ಕೂಲು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಎಂದು ಫಲಕ ಹಾಕಿಕೊಳ್ಳುವ ಶಾಲೆ. ಅಲ್ಲಿಯ ಮುಖ್ಯಾಧ್ಯಾಪಕರು ಸರ್ ಅವರನ್ನು ಬಹಳ ಆದರದಿಂದ ಕಂಡರು. ಎರಡನೆಯ ಸಲ ಹಾಳೆ ಹಂಚಿ ಬಂದಾಗ ಒಳಗೆ ಕರೆದು ಕೂರಿಸಿ, ಯಾವ ಮಕ್ಕಳಿಗೆ ಅಂಜಿಕೆ ಹೆಚ್ಚಿದೆ ಎಂದು ಗೊತ್ತಾದರೆ ಅಂಥವರಿಗೆ ಬೇರೆ ತರಗತಿ ಇಟ್ಟು ಧೈರ್ಯ ತುಂಬುತ್ತೇವೆ, ಬರೀ ನಂಬರು ಹೇಳಿದರೆ ಸಾಕು ಎಂದು ಕೇಳಿಕೊಂಡರಂತೆ.

ಇಷ್ಟು ಶಾಲೆ ಸುತ್ತಿದರೂ ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಹೆಚ್ಚಿನವರಿಗೆ ಸರ್ ಯಾವಾಗ ಮುಗಿಸಿಕೊಂಡು ಹೋದಾರು ಎಂಬ ಅವಸರ. ನೀರಿನ ಲೋಟ ಯಾರಿಗೆ ಒಯ್ಯಬೇಕು ಎಂದು ಕೇಳಿದ ಮೊದಲ ಮನುಷ್ಯ ಇವರು. ಸರ್ ಒಂದೆರಡು ದಿನ ಯೋಚಿಸಿದರು. ಆಮೇಲೆ ನಂಬರು ಕೊಟ್ಟರು. ಆ ವಾರ ಮೂಡಲಗಿಗೆ ಬಂದಾಗ ನಮ್ಮ ಮನೆಯಲ್ಲಿ ಕೂತು, ಇಷ್ಟು ದಿನ ಅಳೆದದ್ದು ಒಂದು ಕಡೆಗಾದರೂ ಉಪಯೋಗಕ್ಕೆ ಬಂತು ಎಂದು ಹೇಳಿಕೊಂಡರು. ಮಕ್ಕಳಿಗೆ ಕೊಟ್ಟ ಮಾತು ಏನಾಯಿತು ಎಂದು ನಾನು ಅನುಮಾನಿಸುತ್ತ ಕೇಳಿದೆ. ಮಾತು ಮುರಿದಿದ್ದೇನೆ, ಆದರೆ ಅವರ ಒಳ್ಳೆಯದಕ್ಕೆ ಎಂದರು. ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲಂತೂ ನೋಡಲಿಲ್ಲ.

ಪರೀಕ್ಷೆ ಹತ್ತಿರ ಬಂದಿತ್ತು. ಸರ್ ಅಣ್ಣನ ಮನೆಗೆಂದು ದಡ್ಡಿಗೆ ಹೋಗಿದ್ದರು. ಶಾಲೆಯ ಹೊತ್ತಿನಲ್ಲಿ ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತ ಹುಡುಗಿಯೊಬ್ಬಳು ಇವರನ್ನು ನೋಡಿ ಮೊದಲು ಮರೆಗೆ ಸರಿದಳು, ಆಮೇಲೆ ತಾನಾಗಿಯೇ ಎದುರಿಗೆ ಬಂದಳು. ಅದೇ ಖಾಸಗಿ ಶಾಲೆಯ ಹುಡುಗಿ. ಸಾಲಿ ಇಲ್ಲವೇನವಾ ಎಂದು ಸರ್ ಕೇಳಿದರು. ತಾನು ಈಗ ಹೋಗುವುದಿಲ್ಲ, ಈ ವರ್ಷ ಪರೀಕ್ಷೆಗೆ ಕಟ್ಟಿಲ್ಲ ಎಂದಳು. ಯಾಕೆ ಎಂದರೆ ಡಬ್ಬಿಯ ಹಿಡಿಕೆಯನ್ನು ತಿರುವುತ್ತ ನಿಂತಳು. ಕೊನೆಗೆ ಹೇಳಿದಳು:

“ಸರ್, ಈಗ ಕಡಿಮಿ ಆಗೈತ್ರಿ. ಇನ್ನೊಮ್ಮೆ ಅಳೀರಿ. ಅಳದು ಹೆಡ್ ಸರಗ ಹೇಳ್ರಿ.”

ಅಲ್ಲೇ ಗಿರಣಿಯ ಕಟ್ಟೆಯ ಮೇಲೆ ಕೂತು ಸರ್ ಎಲ್ಲ ಕೇಳಿ ತಿಳಿದುಕೊಂಡರು. ಸರ್ ಕೊಟ್ಟ ನಂಬರಿನ ಮಕ್ಕಳ ತಂದೆತಾಯಿಯನ್ನು ಮುಖ್ಯಾಧ್ಯಾಪಕರು ಒಬ್ಬೊಬ್ಬರನ್ನಾಗಿ ಕರೆಸಿದ್ದರು. ಗೋಕಾಕದ ತಜ್ಞರು ನಿಮ್ಮ ಮಗುವನ್ನು ಎರಡೆರಡು ಸಲ ಪರೀಕ್ಷಿಸಿದ್ದಾರೆ, ಮನಸ್ಸು ಬಹಳ ಸೂಕ್ಷ್ಮ, ಈ ವರ್ಷ ಪರೀಕ್ಷೆಗೆ ಕೂರಿಸಿದರೆ ಹೆಚ್ಚುಕಡಿಮೆ ಆದೀತು, ಮುಂದಿನ ವರ್ಷ ಬೇಕಾದರೆ ಖಾಸಗಿಯಾಗಿ ಕಟ್ಟಲಿ ಎಂದಿದ್ದರು. ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎಂದೂ ಹೇಳಿದ್ದರು. ಬಹಳ ಜನ ಹೆದರಿ, ಈ ವರ್ಷ ಪರೀಕ್ಷೆ ಬೇಡ ಎಂಬ ಕಾಗದಕ್ಕೆ ಸಹಿ ಮಾಡಿದ್ದರು. ಈ ಹುಡುಗಿಯ ತಂದೆಯೂ ಮಾಡಿದ್ದ.

ಮರುದಿನ ಬೆಳಿಗ್ಗೆ ಸರ್ ಫೋನ್ ಬಂತು. ನನಗ ಜಗಳಾಡಾಕ ಬರೂದಿಲ್ಲವಾ, ನೀ ಬಾ ಎಂದರು. ರಜೆ ಹಾಕಿ ಹೋದೆ.

ಮುಖ್ಯಾಧ್ಯಾಪಕರು ನಮ್ಮಿಬ್ಬರಿಗೂ ಚಹಾ ತರಿಸಿದರು. ಅವರಲ್ಲಿ ಕಳವಳವೇನೂ ಕಾಣಲಿಲ್ಲ. ನಾನು ಏರುದನಿಯಲ್ಲಿ ಮಾತಾಡಿದೆ. ಅವರು ನನ್ನ ಕಡೆ ನೋಡದೆ ಸರ್‌ಗೇ ಹೇಳಿದರು, “ನೀವ ಅಳದ ಕೊಟ್ರಿ, ನಾವು ಪಾಲಕರಿಗೆ ತಿಳಿಸಿದ್ವಿ. ಒತ್ತಾಯ ಮಾಡಿಲ್ರಿ ಯಾರಿಗೂ.”

“ನಾನು ಸಹಾಯ ಮಾಡ್ರಿ ಅಂದಿದ್ದೆ” ಎಂದರು ಸರ್.

“ಇದೂ ಸಹಾಯನ ಅಲ್ರಿ? ನಾಳೆ ಯಾವುದರ ಹುಡುಗ ಏನರ ಮಾಡ್ಕೊಂಡ್ರ ನಿಮ್ಮ ಹೆಸರೂ ಬರ್ತಿತ್ತು, ನಮ್ಮದೂ ಬರ್ತಿತ್ತು.”

ಸರ್ ಎದ್ದು ನಿಂತರು. ಅವರು ಚಹಾ ಮುಟ್ಟಲಿಲ್ಲ. ಅಲ್ಲಿಂದ ಇಲಾಖೆಯ ಕಚೇರಿಗೆ ಹೋದೆವು. ಅರ್ಜಿ ತುಂಬುವ ದಿನ ಮುಗಿದಿದೆ, ಪಾಲಕರೇ ಸಹಿ ಮಾಡಿಕೊಟ್ಟಿದ್ದಾರೆ, ಇನ್ನು ಮೇಲಿನವರಿಗೂ ಏನೂ ಮಾಡಲಾಗದು ಎಂದರು. ಅಧಿಕಾರಿಯೊಬ್ಬರು ಮಾತ್ರ, ಫೇಲಾಗಬಹುದಾದ ಮಕ್ಕಳನ್ನು ಹೊರಗಿಡಲು ಎಷ್ಟೋ ಶಾಲೆಗಳು ಏನೋ ಒಂದು ನೆವ ಹುಡುಕುತ್ತವೆ, ಈ ಸಲ ಇವರಿಗೆ ನಿಮ್ಮದು ಸಿಕ್ಕಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಸಮಾಧಾನಕ್ಕೆಂದು ಹೇಳಿದ್ದಿರಬೇಕು.

ದಡ್ಡಿಯಲ್ಲಿ ಹುಡುಗಿಯ ತಂದೆಯನ್ನು ಕಂಡೆವು. ಗೌಂಡಿ ಕೆಲಸದವನು, ಕೈಯ ಸಿಮೆಂಟು ತೊಳೆದುಕೊಳ್ಳುತ್ತಲೇ ನಮ್ಮನ್ನು ಒಳಗೆ ಕರೆದ. ತಪ್ಪಾಗಿದೆ, ನಿಮ್ಮ ಮಗಳಿಗೆ ಏನೂ ಆಗಿಲ್ಲ, ಎಲ್ಲ ಮಕ್ಕಳಿಗೂ ಇರುವ ಅಂಜಿಕೆಯೇ ಇದು, ಸ್ವಲ್ಪ ಹೆಚ್ಚಿದೆ ಅಷ್ಟೆ, ಓದಿನಲ್ಲಿ ಅವಳು ಚಲೋ ಇದ್ದಾಳೆ ಎಂದು ಸರ್ ಬಿಡಿಸಿ ಬಿಡಿಸಿ ಹೇಳಿದರು. ಆತ ವಿನಯದಿಂದ ಎಲ್ಲ ಕೇಳಿಸಿಕೊಂಡ.

“ಡಾಕ್ಟರು ಅಳದು ಬಿ.ಪಿ. ಐತಿ ಅಂದ್ರ ನಂಬತೇವಿಲ್ರಿ? ಹಂಗ ನೀವೂ ಅಳದು ಹೇಳೀರಿ. ಈಗ ಇಲ್ಲಾ ಅಂದ್ರ ಹೆಂಗ ನಂಬೂದ್ರಿ?”

ಆ ಮನೆಯಲ್ಲಿ ಯಾರೂ ಅವಳನ್ನು ಬಯ್ಯುತ್ತಿರಲಿಲ್ಲ, ಅದೇ ನೋಡಲು ಕಷ್ಟವಾದದ್ದು. ತಾಯಿ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಹೊಳೆಯ ಕಡೆಗೆ ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ತೋಳಿಗೆ ತಾಯಿತ ಕಟ್ಟಿದ್ದರು. ಅವಳ ಮುಂದೆ ದನಿ ಎತ್ತಬಾರದೆಂದು ತಮ್ಮನಿಗೆ ತಾಕೀತು ಮಾಡಿದ್ದರು. ಎಲ್ಲರೂ ಅವಳನ್ನು ಬಿರುಕು ಬಿಟ್ಟ ಬಟ್ಟಲಿನಂತೆ ನೋಡಿಕೊಳ್ಳುತ್ತಿದ್ದರು. ಅವಳೂ ಹಾಗೆಯೇ ನಡೆದಾಡುವುದನ್ನು ಕಲಿತಿದ್ದಳು.

ಆ ವರ್ಷ ಆ ಶಾಲೆಯ ಫಲಿತಾಂಶ ಮತ್ತೆ ನೂರಕ್ಕೆ ನೂರು ಬಂತು.

ಮುಂದಿನ ಒಂದು ವರ್ಷ ಸರ್ ರವಿವಾರ ತಪ್ಪದೆ ದಡ್ಡಿಗೆ ಹೋದರು. ನಂಬರು ಕೊಟ್ಟಿದ್ದ ಉಳಿದ ಮಕ್ಕಳ ಮನೆಗಳಿಗೂ ಅಲೆದಿದ್ದರು. ಕೆಲವರು ಊರು ಬಿಟ್ಟಿದ್ದರು, ಒಬ್ಬ ಕೊಲ್ಹಾಪುರದ ಕಡೆ ಕೆಲಸಕ್ಕೆ ಸೇರಿದ್ದ, ಒಂದಿಬ್ಬರು ಬಾಗಿಲಲ್ಲೇ ಮುಖ ತಿರುಗಿಸಿದರು. ಉಳಿದವಳು ಈ ಹುಡುಗಿ. ಅವಳಿಗೆ ಗಣಿತ, ವಿಜ್ಞಾನ ಎಲ್ಲ ತಾವೇ ಹೇಳಿಕೊಟ್ಟರು. ಕನ್ನಡಕ್ಕೆ ನಾನು ಆಗಾಗ ಹೋಗುತ್ತಿದ್ದೆ. ಮನೆಯ ಪಡಸಾಲೆಯಲ್ಲಿ ಕೂತು ಅವಳು ಯಾವ ಲೆಕ್ಕವನ್ನಾದರೂ ಬಿಡಿಸುತ್ತಿದ್ದಳು. ವ್ಯಾಕರಣದಲ್ಲಿ ನನ್ನನ್ನೇ ಕೆಣಕಿ ಪ್ರಶ್ನೆ ಕೇಳುತ್ತಿದ್ದಳು. ಅಂಜಿಕೆ ಎಂಬ ಮಾತನ್ನು ಸರ್ ಆ ಮನೆಯಲ್ಲಿ ಅಪ್ಪಿತಪ್ಪಿಯೂ ಆಡುತ್ತಿರಲಿಲ್ಲ. ಒಂದು ದಿನ ಅವಳೇ ಕೇಳಿದಳು, ತನ್ನದು ಎಲ್ಲರಿಗಿಂತ ಹೆಚ್ಚಿತ್ತೇ ಎಂದು. ಇಲ್ಲವೆಂದು ಸರ್ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ. ಅವಳಿಗಿಂತ ಹೆಚ್ಚು ಅಂಜುವ ಎಷ್ಟೋ ಮಕ್ಕಳು ಬೇರೆ ಶಾಲೆಗಳಲ್ಲಿ ಅಂಜುತ್ತಲೇ ಬರೆದು ಪಾಸಾಗಿದ್ದರು. ಅದನ್ನೂ ಹೇಳಿದರು. ಅವಳು ತಲೆಯಾಡಿಸಿ ನಕ್ಕಳು. ತನ್ನನ್ನು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡದ್ದು ಆ ನಗುವಿನಲ್ಲಿ ಕಾಣುತ್ತಿತ್ತು.

ಪರೀಕ್ಷೆಯ ಕೇಂದ್ರ ಸಂಕೇಶ್ವರದಲ್ಲಿ ಬಂತು. ನನಗೆ ಮೂಡಲಗಿಯಲ್ಲೇ ಮೇಲ್ವಿಚಾರಣೆ ಇದ್ದುದರಿಂದ ಹೋಗಲಾಗಲಿಲ್ಲ. ಆವತ್ತಿನದನ್ನು ಸರ್ ಆಮೇಲೆ ನನಗೆ ಹೇಳಿದ್ದು, ಅದೂ ಒಂದೇ ಸಲ. ಮೊದಲ ದಿನ ಕನ್ನಡದ ಪೇಪರು. ಅವಳಿಗೆ ಅತಿ ಸುಲಭದ್ದು. ತಂದೆಯ ಜೊತೆ ಬಂದಳು, ಗೇಟಿನ ಬಳಿ ಸರ್ ಕಾಲಿಗೆ ನಮಸ್ಕಾರ ಮಾಡಿ ಒಳಗೆ ಹೋದಳು. ತಂದೆ ಕೆಲಸಕ್ಕೆ ಹೊರಟುಹೋದ. ಸರ್ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕೂತರು. ಹೊರಗೆ ಬಿಡುವ ಹೊತ್ತು ಬಂದ ಕೂಡಲೇ ಗೇಟು ದಾಟಿ ಬಂದ ಮೊದಲನೆಯವಳು ಅವಳೇ. ಅಳುತ್ತಿರಲಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಉತ್ತರಪತ್ರಿಕೆಯ ಮೇಲೆ ತನ್ನ ನಂಬರು ಮಾತ್ರ ಬರೆದಿದ್ದಳಂತೆ, ಮತ್ತೇನೂ ಇಲ್ಲ.

“ಮನಿಗಿ ಹೋಗೂಣ್ರಿ ಸರ್” ಎಂದಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದವಳು ದಡ್ಡಿ ಬರುವವರೆಗೂ ನಿದ್ದೆ ಹೋದಳು. ಎಷ್ಟು ದಿನದಿಂದ ಮಲಗಿರಲಿಲ್ಲವೋ ಏನೋ ಎಂದು ಸರ್ ಹೇಳಿದರು. ಮುಂದಿನ ಪೇಪರುಗಳಿಗೆ ಅವಳು ಹೋಗಲಿಲ್ಲ. ಸರ್ ಒತ್ತಾಯಿಸಲಿಲ್ಲ. ಒತ್ತಾಯಿಸಲು ತಮಗೆ ಮುಖವಿರಲಿಲ್ಲ ಎಂದರು.

ಸರ್ ಹೇಳುತ್ತಿದ್ದರು: ನಾನು ಅವಳನ್ನು ಅಳೆಯುವ ಮುಂಚೆ ಅವಳು ಅಂಜುತ್ತ ಅಂಜುತ್ತಲೇ ಎಲ್ಲ ಪರೀಕ್ಷೆ ಬರೆದಿದ್ದಳು, ಒಂಬತ್ತನೆಯ ತರಗತಿಯವರೆಗೂ ಒಂದನ್ನೂ ಬಿಟ್ಟಿರಲಿಲ್ಲ. ಇದನ್ನು ಅವರು ನನ್ನ ಮುಂದೆ ಎಷ್ಟು ಸಲ ಹೇಳಿದರೆಂದರೆ, ಕೊನೆಕೊನೆಗೆ ನನಗೆ ಉತ್ತರ ಕೊಡುವುದೇ ಬೇಡವೆನಿಸಿತು.

ಪಿಎಚ್.ಡಿ. ಬಿಟ್ಟದ್ದು ಆಗ. ಪ್ರಬಂಧ ಬಹುಮಟ್ಟಿಗೆ ಸಿದ್ಧವಾಗಿತ್ತು. ಮಾರ್ಗದರ್ಶಕರು ಮನೆಗೇ ಬಂದು ಬುದ್ಧಿ ಹೇಳಿದರು. ಆ ದಿನ ನಾನೂ ಅಲ್ಲಿದ್ದೆ. ಇಷ್ಟು ಸರಿಯಾಗಿ ಅಳೆಯುವಂಥದ್ದು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ, ಇದನ್ನು ಬಿಡುವುದು ಅಪರಾಧ ಎಂದು ಅವರು ಹೇಳಿದರು. ಮೊದಲು ಭಾಷೆ ಸರಿಯಿಲ್ಲ ಎಂದವರೇ ಅವರು. ಸರ್ ಚಶ್ಮಾ ತೆಗೆಯದೆ ಕೇಳಿದರು.

“ಅದು ಖರೇನ ಅಳಿತೈತ್ರಿ. ಅದರದ ತ್ರಾಸ” ಎಂದರು.

ಆಮೇಲೆಯೂ ಹಲವು ವರ್ಷ ಗೋಕಾಕದ ಅದೇ ಕಾಲೇಜಿನಲ್ಲಿ ಪಾಠ ಮಾಡಿದರು. ಮಾಪನದ ಅಧ್ಯಾಯ ಬಂದಾಗ ಪುಸ್ತಕ ತೆರೆದು ಇದ್ದದ್ದನ್ನು ಇದ್ದಂತೆ ಓದಿ ಮುಚ್ಚುತ್ತಿದ್ದರು ಎಂದು ಅವರ ಕೈಯಲ್ಲಿ ಕಲಿತು ನಮ್ಮ ಶಾಲೆಗೆ ಬಂದ ಹೊಸ ಮಾಸ್ತರೊಬ್ಬರು ಹೇಳಿದರು. ನೀರಸ ಪಾಠ ಎಂದೂ ಸೇರಿಸಿದರು. ಜೇಬಿನಲ್ಲಿ ಅಲ್ಲೇಪಾಕ ಇರುತ್ತಿತ್ತಲ್ಲ ಎಂದು ನಾನು ಕೇಳಿದರೆ, ಅವರಿಗೆ ಅದೇನೆಂದೇ ತಿಳಿಯಲಿಲ್ಲ. ನಿವೃತ್ತಿಯ ಸಮಾರಂಭದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತು ಆಡಿ ಎಂದು ಮೈಕಿನ ಮುಂದೆ ನಿಲ್ಲಿಸಿದರು. ಎಲ್ಲರಿಗೂ ಶರಣು ಎಂದಷ್ಟೇ ಹೇಳಿ ಬಂದು ಕೂತರು.

ಕೊನೆಯ ಸಲ ಅವರನ್ನು ನೋಡಿದ್ದು ಸಂಕೇಶ್ವರದ ಮಗಳ ಮನೆಯಲ್ಲಿ. ಕಾಯಿಲೆ ಮೈಯನ್ನು ಅರ್ಧ ತಿಂದಿತ್ತು. ಕಾಕು ಒತ್ತಾಯ ಮಾಡಿ ನನಗೆ ಊಟ ಬಡಿಸಿದರು. ಊಟವಾದ ಮೇಲೆ ಸರ್ ಪಕ್ಕ ಕೂತು, ಇಷ್ಟು ವರ್ಷ ಹೇಳಬೇಕೆಂದುಕೊಂಡಿದ್ದನ್ನು ಹೇಳಿದೆ. ನೀವು ಒಳ್ಳೆಯದಕ್ಕೆಂದು ಕೊಟ್ಟಿರಿ, ಕೆಟ್ಟದ್ದಕ್ಕೆ ಬಳಸಿದವರು ಬೇರೆ, ಪಾಪ ಅವರದು, ನಿಮ್ಮದಲ್ಲ ಎಂದೆ.

“ನೀ ಹೇಳೂದು ಖರೆ ಐತವಾ. ಆದ್ರ ಆ ಹುಡುಗರು ತಮ್ಮ ಅಂಜಿಕಿ ಹೇಳಿದ್ದು ಆ ಹೆಡ್ ಮಾಸ್ತರಗ ಅಲ್ಲ. ನನಗ.”

ಮತ್ತೆ ನಾವು ಆ ಮಾತು ಎತ್ತಲಿಲ್ಲ. ಬರುವಾಗ ಬಾಗಿಲವರೆಗೆ ಬರಲು ಎದ್ದರು, ಆಗಲಿಲ್ಲ.

ಸರ್ ತೀರಿಕೊಂಡ ಮೇಲಿನ ಶಿವಗಣಾರಾಧನೆಯನ್ನು ದಡ್ಡಿಯಲ್ಲಿ ಅಣ್ಣನ ಮನೆಯಲ್ಲೇ ಇಟ್ಟುಕೊಂಡಿದ್ದರು. ಅಂಗಳದಲ್ಲಿ ಶಾಮಿಯಾನ, ವಿಭೂತಿ ಹಚ್ಚಿದ ಫೋಟೋ, ಸಾಲಾಗಿ ಪ್ರಸಾದಕ್ಕೆ ಕೂತ ಜನ. ಪಿಎಚ್.ಡಿ. ಮುಗಿಸುವ ಛಲವಿರಲಿಲ್ಲ ಎಂದು ಬರೆದಿದ್ದ ಗೆಳೆಯರೂ ಬಂದಿದ್ದರು, ಎಲ್ಲರಿಗಿಂತ ಹೆಚ್ಚು ಓಡಾಡಿ ಕೆಲಸ ಮಾಡುತ್ತಿದ್ದರು. ಅವರಿಗೆ ಏನೂ ಹೇಳಬೇಕೆನಿಸಲಿಲ್ಲ.

ಹೆಂಗಸರ ಪಂಕ್ತಿ ಎದ್ದ ಮೇಲೆ ಯಾರೋ ನನ್ನ ಸೆರಗನ್ನು ಮೆಲ್ಲಗೆ ಹಿಡಿದರು. ತಿರುಗಿ ನೋಡಿದರೆ ಅವಳು. ಮೈ ತುಂಬಿಕೊಂಡಿದ್ದಳು. ಕೊರಳಲ್ಲಿ ಹೊಲಿಗೆಯವರ ಅಳತೆ ಟೇಪು ಇತ್ತು, ತೆಗೆಯುವುದನ್ನು ಮರೆತು ಬಂದಿದ್ದಳು. ಹುಕ್ಕೇರಿಯಲ್ಲಿ ಒಂದು ಅಂಗಡಿಯಲ್ಲಿ ಜಂಪರು ಹೊಲಿಯುತ್ತಾಳಂತೆ, ಸುದ್ದಿ ತಿಳಿದು ಕೆಲಸ ಬಿಟ್ಟು ಬಂದಿದ್ದಾಳೆ. ಮದುವೆ, ಮನೆ ಎಂದು ನಾನು ಕೇಳಿದ್ದಕ್ಕೆಲ್ಲ ಹೂಂ, ಊಂಹೂಂ ಎಂದು ಉತ್ತರಿಸಿದಳು. ಅವಳಿಗೆ ಬೇರೇನನ್ನೋ ಕೇಳಬೇಕಿತ್ತು. ಪಾತ್ರೆ ತೊಳೆಯುವ ಕಡೆಗೆ ಸ್ವಲ್ಪ ಮರೆಗೆ ಕರೆದುಕೊಂಡು ಹೋದಳು.

“ನನ್ನ ಸಲುವಾಗಿ ಸರ್ ಡಾಕ್ಟರೇಟ್ ಬಿಟ್ರಂತ. ಖರೆ ಏನ್ರಿ ಟೀಚರ್?”

ಇಲ್ಲ ಎಂದೆ. ನೀನು ಏನೂ ಮಾಡಿಲ್ಲ, ಅವರು ನಿನ್ನ ಮೇಲೆ ಎಂದೂ ಬೇಸರ ಮಾಡಿಕೊಂಡವರಲ್ಲ, ತಮ್ಮ ಮೇಲೆಯೇ ಮಾಡಿಕೊಂಡಿದ್ದರು ಎಂದು ತಿಳಿಸಿ ಹೇಳಲು ನೋಡಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ನಂಬಲಿಲ್ಲ. ಇಷ್ಟು ವರ್ಷ ಒಂದೇ ಊರಿನ ಇಬ್ಬರು, ಒಬ್ಬರಿಗೆ ತಿಳಿಯದ ಹಾಗೆ ಇನ್ನೊಬ್ಬರು, ಒಂದೇ ತಪ್ಪನ್ನು ತನ್ನದೆಂದು ಹೊತ್ತುಕೊಂಡಿದ್ದರು. ಅವರಲ್ಲಿ ಒಬ್ಬರು ಈಗ ಇಲ್ಲ. ಅವಳ ಮಾತು ಕೇಳಬೇಕಾದವರು ಅವರೇ ಆಗಿದ್ದರು.

ಅವಳು ಟೇಪನ್ನು ಕೊರಳಿಂದ ತೆಗೆದು ಸುರುಳಿ ಸುತ್ತಿದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು:

“ಆವತ್ತ ನಂಗ ಎಲ್ಲಾ ಬರ್ತಿತ್ರಿ ಟೀಚರ್. ಮೊದಲನೇ ಪ್ರಶ್ನಿಯಿಂದ ಕಡೀಕ ಎಲ್ಲಾ ಬರ್ತಿತ್ತು. ಸರಗ ಅದನ್ನ ಹೇಳಬೇಕಂತ ಮಾಡಿದ್ದೆ.”